ಆ ನೀಲಿ ಫೋಟೊಶಾಪ್ ಅಲ್ಲ ಸರ್

ಕೆನಡಾದ ಬ್ಯಾನ್ಫ್ ನ್ಯಾಷನಲ್ ಪಾರ್ಕ್ ಲೇಖನ ಚೆನ್ನಾಗಿದೆ. ಅದರ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಆ ಪಾರ್ಕಿನ ಮೊರೇನ್ ಕೆರೆಯ ನೀಲಿ ಬಣ್ಣ ಫೋಟೊಶಾಪ್ ಕೈಚಳಕ ಅಂದಿದ್ದಾರೆ. ಹಾಗಲ್ಲ ಸರ್. ಅಲ್ಲಿ ಹಿಮನದಿಗಳು ಬೀಸುವ ಕಲ್ಲಿನ ಹಾಗೆ ಬಂಡೆಯನ್ನು ಅರೆಯುತ್ತವೆ. ಆ ನುಣ್ಣನೆ ಪುಡಿ ಕರಗಿದ ನೀರಿನ ಜೊತೆ ಕೆರೆಗೆ ಬರುತ್ತದೆ, ಬೇಗ ತಳ ಸೇರುವುದಿಲ್ಲ. ಬಿಸಿಲು ಅದಕ್ಕೆ ತಾಗಿ ನೀಲಿ, ಹಸಿರು ಬೆಳಕು ಚದುರುತ್ತದೆ. ಬಣ್ಣ ಬರುವುದು ಹಾಗೆ.

ಲೇಖನದಲ್ಲಿ ಯಾವಾಗ ಹೋಗಬೇಕು ಅನ್ನೋದೇ ಇಲ್ಲವಲ್ಲ! ನಮ್ಮ ಬಾಗಲಕೋಟೆ ಕಡೆಯಿಂದ ಮಗ, ಸೊಸೆ ನೋಡಲು ಹೋಗುವ ಹಿರಿಯರು ಸುಮ್ನೆ ಏಪ್ರಿಲ್ ರಜೆಗೆ ಟಿಕೆಟ್ ಮಾಡಿಸುತ್ತಾರೆ. ಆಗ ಅಲ್ಲಿನ ಇನ್ನೊಂದು ಕೆರೆ ಲೇಕ್ ಲೂಯೀಸ್ ಇನ್ನೂ ಮಂಜುಗಡ್ಡೆ. ಬಣ್ಣ ಜಾಸ್ತಿ ಏರುವುದು ಜುಲೈ, ಆಗಸ್ಟಿನಲ್ಲಿ. ಇನ್ನೊಂದು, 2023ರಿಂದ ಮೊರೇನ್ ಕೆರೆಗೆ ಸ್ವಂತ ಕಾರು ಬಿಡುತ್ತಿಲ್ಲ. ಶಟಲ್ ಬಸ್ಸಿನ ಸೀಟು ಮೊದಲೇ ಹಿಡಿದಿಡಬೇಕು.

ಈ ಬಸ್ಸಿನ ಪದ್ಧತಿ ನಮ್ಮ ಬಾದಾಮಿಗೂ ಬರಬೇಕು ನೋಡಿ. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯಿಂದ ಸಂಜೆ ಕೆಂಪು ಮರಳುಗಲ್ಲಿನ ಗುಡ್ಡ ನೋಡಿದವರಿಗೆ ಬ್ಯಾನ್ಫ್ ಅಷ್ಟೇನೂ ದೊಡ್ಡದು ಅನ್ನಿಸಲಿಕ್ಕಿಲ್ಲ. ನನಗಂತೂ ಅನ್ನಿಸಿಲ್ಲ! ಆದರೆ ರಜೆ ದಿನ ಊರೊಳಗಿನ ಆ ಸಣ್ಣ ಓಣಿಗಳಲ್ಲಿ ಕಾರು ತಂದು ಹಾರನ್ ಹೊಡೆಯುವವರನ್ನು ಏನು ಮಾಡೋದು, ಹೇಳಿ?