ಪ್ರಸಂಗ: ಮಾಯಾಬಜಾರ್

ತೆಲುಗಿನ 'ಮಾಯಾಬಜಾರ್' ಸಿನಿಮಾ ನೋಡಲು ತೆಲುಗು ಬರಬೇಕೆಂದಿಲ್ಲ. ಕಾಸರಗೋಡಿನ ನಮ್ಮ ಕುಂಬಳೆ ಸೀಮೆಯಲ್ಲಂತೂ ಖಂಡಿತ ಬೇಡ. ಮೊನ್ನೆ ವಾಚನಾಲಯದ ಹುಡುಗರು ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅದನ್ನು ತೋರಿಸಿದರು. ಕೂತವರಲ್ಲಿ ಕನ್ನಡ, ತುಳು, ಮಲಯಾಳಂ, ಕೊಂಕಣಿ ಎಲ್ಲ ಇತ್ತು, ತೆಲುಗು ಒಂದು ಬಿಟ್ಟು. ಕೆಳಗೆ ಇಂಗ್ಲಿಷ್ ಸಾಲು ಓಡುತ್ತಿತ್ತು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಮತ್ತೊಂದು. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು ಓದುವ ಕನ್ನಡಕ ತೆಗೆದು ಕಿಸೆಗೆ ಹಾಕಿ, "ಇದು ನಮ್ಮ ಕನಕಾಂಗಿ ಕಲ್ಯಾಣ ಅಲ್ವಾ ಮಾರಾಯ!" ಅಂದರು. ಕನಕಾಂಗಿ ಕಲ್ಯಾಣ ನಮ್ಮ ಯಕ್ಷಗಾನದ ಪ್ರಸಂಗ, ಅಂದರೆ ಆಟದ ಕತೆ. ಅಲ್ಲಿಗೆ ಭಾಷೆಯ ತಾಪತ್ರಯ ಮುಗಿಯಿತು.

ಹೌದು, ಅದೇ ಕತೆ. ಬಲರಾಮನ ಮಗಳನ್ನು ಅಭಿಮನ್ಯುವಿಗೆ ಕೊಡುವುದೆಂದು ಮಾತಾಗಿರುತ್ತದೆ. ಪಾಂಡವರು ರಾಜ್ಯ ಕಳೆದುಕೊಂಡದ್ದೇ ತಡ, ಮದುಮಗ ಕೌರವನ ಮಗ ಲಕ್ಷಣಕುಮಾರ ಅಂತಾಗುತ್ತದೆ. ಆಗ ಘಟೋತ್ಕಚ ಬಂದು ಹುಡುಗಿಯನ್ನು ಮಂಚ ಸಮೇತ ಎತ್ತಿಕೊಂಡು ಹೋಗಿ, ಅವಳ ಜಾಗದಲ್ಲಿ ತಾನೇ ಹುಡುಗಿಯಾಗಿ ಕೂರುತ್ತಾನೆ. ಆಟದಲ್ಲಿ ಅವಳು ಕನಕಾಂಗಿ, ಸಿನಿಮಾದಲ್ಲಿ ಶಶಿರೇಖೆ. ವ್ಯಾಸರ ಭಾರತದಲ್ಲಿ ಹುಡುಕಿದರೆ ಈ ಮದುವೆಯೇ ಸಿಗುವುದಿಲ್ಲ. ಅದಕ್ಕೆ ತೆಲುಗರೂ ತಲೆ ಕೆಡಿಸಿಕೊಳ್ಳಲಿಲ್ಲ, ನಾವೂ ಇಲ್ಲ.

ಕೆ. ವಿ. ರೆಡ್ಡಿ ನಿರ್ದೇಶನದ ಈ ಚಿತ್ರ ಬಂದದ್ದು 1957ರ ಮಾರ್ಚಿನಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿ ಆಗ ಆರು ತಿಂಗಳೂ ಆಗಿರಲಿಲ್ಲ. ಇಲ್ಲಿನ ಕನ್ನಡಿಗರಿಗೆ ಆ ವರ್ಷ ಯೋಚಿಸಲು ಬೇರೆ ವಿಷಯ ಇತ್ತು ಬಿಡಿ.

ನಮಗೆ ಘಟೋತ್ಕಚ ಅಂದರೆ ಬಣ್ಣದ ವೇಷ, ಆಟದಲ್ಲಿ ರಾಕ್ಷಸರಿಗೆ ಹಾಕುವ ವೇಷ. ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ, ಅಂದರೆ ಮುಳ್ಳಿನಂಥ ಚುಕ್ಕಿ, ಇಡಲಿಕ್ಕೇ ಗಂಟೆಗಟ್ಟಲೆ ಬೇಕು. ಚೆಂಡೆ ಬಿರುಸಾಗಬೇಕು, ದೊಂದಿಗೆ ರಾಳ ಎರಚಬೇಕು, ಅಟ್ಟಹಾಸಕ್ಕೆ ಎದುರು ಮಲಗಿದ ಮಕ್ಕಳು ಎದ್ದು ಅಳಬೇಕು. ಸಿನಿಮಾದ ಘಟೋತ್ಕಚ ಎಸ್. ವಿ. ರಂಗರಾವ್ ಅವರಿಗೆ ಚಿಟ್ಟಿಯೂ ಇಲ್ಲ, ರಾಳವೂ ಇಲ್ಲ. ಮೀಸೆ, ಗದೆ, ಆ ದೇಹ, ಅಷ್ಟೇ. ಆದರೂ ಒಮ್ಮೆ ನಕ್ಕರು ನೋಡಿ, ಹಿಂದಿನ ಬೆಂಚಿನಿಂದ "ವೇಷ ಆಗ್ಬಹುದು" ಅಂತ ತೀರ್ಪು ಬಂತು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆಮೇಲೆ ಮದುವೆ ಊಟದ ಹಾಡು. ರಾಶಿ ಹಾಕಿದ ಭಕ್ಷ್ಯಗಳ ನಡುವೆ ಘಟೋತ್ಕಚ ಒಬ್ಬನೇ. ಲಾಡು ತಟ್ಟೆಯಿಂದ ತಾನಾಗಿ ಎದ್ದು ಅವನ ಬಾಯಿಗೆ ಹಾರುತ್ತದೆ. ಅವನು ಕೈ ಎತ್ತುವುದೂ ಇಲ್ಲ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾದಲ್ಲೇ ಮಾಡಿದ ಚಮತ್ಕಾರ, ಕಂಪ್ಯೂಟರಿನ ಹೆಸರೇ ಕೇಳದ ಕಾಲದ್ದು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರೆ, ಊರಿನ ಅಡಿಗೆಯವರು ಮಾತ್ರ ಗೊಣಗಿದರು: "ಒಬ್ಬನೇ ಇಷ್ಟು ತಿಂದರೆ ಎರಡನೇ ಪಂಕ್ತಿಗೆ ಎಂತ ಬಡಿಸುದು?"

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಶಶಿರೇಖೆಯಾದ ಸಾವಿತ್ರಿ. ಆಟದಲ್ಲಿ ಗಂಡಸು ಹೆಣ್ಣುವೇಷ ಹಾಕುವುದು ನಮಗೆ ಹೊಸತಲ್ಲ. ಇಲ್ಲಿ ಹೆಣ್ಣೊಬ್ಬಳು, ಹೆಣ್ಣುವೇಷ ಹಾಕಿದ ರಾಕ್ಷಸನ ವೇಷ ಹಾಕಿದ್ದಾಳೆ! ನಾಚಿಕೊಂಡು ನಡೆಯುತ್ತಾ ನಡೆಯುತ್ತಾ ಹೆಜ್ಜೆ ದಪ್ಪವಾಗುತ್ತದೆ. ಭುಜ ಏರುತ್ತದೆ, ಇಲ್ಲದ ಮೀಸೆಯ ಕಡೆ ಮನಸ್ಸು ಹೋಗುತ್ತದೆ. ತಟ್ಟನೆ ನೆನಪಾಗಿ ಮತ್ತೆ ಸೆರಗು. ಪಕ್ಕದಲ್ಲಿ ಕೂತಿದ್ದ, ಹೆಣ್ಣುವೇಷ ಮಾಡಿ ಗೊತ್ತಿರುವ ಮಾವ ಒಂದು ಮಾತೂ ಆಡದೆ ಅವರ ಕಾಲನ್ನೇ ನೋಡುತ್ತಿದ್ದರು.

ತಕರಾರು ಇರಲಿಲ್ಲವೆಂದಲ್ಲ. ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತುಗಾರಿಕೆ, ಸಾಲದು ಅಂದರು. ನನ್ನದೂ ಅದೇ ಮಾತು. ಹೆಂಡತಿಯ ಮಾತಿಗೆ ಬಲರಾಮ ಎಷ್ಟು ಬೇಗ ಸೋಲುತ್ತಾನೆ! ನಮ್ಮ ಅರ್ಥಧಾರಿಗಳಾದರೆ ಆ ಒಂದು ಜಾಗದಲ್ಲಿ ಅರ್ಧ ಗಂಟೆ ಎಳೆಯುತ್ತಿದ್ದರು. ಇನ್ನೊಂದು, ಇಡೀ ಸಿನಿಮಾದಲ್ಲಿ ಪಾಂಡವರೈವರಲ್ಲಿ ಒಬ್ಬನೂ ಕಾಣಿಸುವುದಿಲ್ಲ. ವಿಮರ್ಶಕರು ಇದನ್ನು ಚಿತ್ರಕತೆಯ ಜಾಣತನ ಅನ್ನುತ್ತಾರೆ. ನಮ್ಮವರು ಬೇರೆಯೇ ಕಾರಣ ಕಂಡುಕೊಂಡರು: "ಮೇಳದಲ್ಲಿ ಜನ ಕಮ್ಮಿ ಇದ್ದಿರಬೇಕು."

ರಾತ್ರಿಯಿಡೀ ಆಟ ನೋಡಿದವರಿಗೆ ಮೂರೇ ಗಂಟೆಯಲ್ಲಿ ಮುಗಿದದ್ದಕ್ಕೂ ಬೇಸರವೇ. ಬೆಳಗಾಗಲು ಇನ್ನೂ ಎಷ್ಟೊಂದು ಹೊತ್ತು ಉಂಟು, ಈಗಲೇ ಮಂಗಳವಾ ಅಂತ.

ಮುಂದಿನ ತಿಂಗಳು ಮಲಯಾಳಂನ 'ಚೆಮ್ಮೀನ್' ಅಂತೆ. ಭಾಷೆ ಎಲ್ಲರಿಗೂ ಬರುತ್ತದೆ, ಪ್ರಸಂಗ ಯಾರಿಗೂ ಗೊತ್ತಿಲ್ಲ. ಹೇಗೆ ನೋಡುವುದಪ್ಪಾ ಅಂತ ಹಿರಿಯರು ಈಗಲೇ ಯೋಚನೆಯಲ್ಲಿದ್ದಾರೆ.