ನ್ಯಾಕ್ ಬಂದರೆ ನರ್ಸಿಂಗ್ ಕಾಲೇಜು ಸುಧಾರಿಸುತ್ತದೆಯೇ?

ಪಿಯುಸಿ ರಿಸಲ್ಟ್ ಬಂದ ಮೇಲೆ ನನ್ನ ಇನ್‌ಬಾಕ್ಸ್ ತುಂಬ ಒಂದೇ ಥರದ ಪ್ರಶ್ನೆ. "ಮೇಡಂ, ಮಗಳಿಗೆ ಬಿಎಸ್ಸಿ ನರ್ಸಿಂಗ್ ಸೀಟು ಸಿಗೋ ಹಾಗಿದೆ. ಗೇಟಲ್ಲೇ 'ನ್ಯಾಕ್ ಎ ಗ್ರೇಡ್' ಅಂತ ದೊಡ್ಡ ಬೋರ್ಡ್ ಹಾಕಿದ್ದಾರೆ. ಸೇರಿಸಬಹುದಾ?" ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ರಾಷ್ಟ್ರೀಯ ಸಂಸ್ಥೆ. ನರ್ಸಿಂಗ್ ಪಾಠ ಮಾಡುತ್ತಲೇ ಐಕ್ಯೂಎಸಿ (ಕಾಲೇಜಿನೊಳಗೇ ಗುಣಮಟ್ಟ ನೋಡಿಕೊಳ್ಳುವ ಘಟಕ) ಕಡತಗಳಲ್ಲಿ ಮುಳುಗೆದ್ದವಳು ನಾನು. ಹೌದು, ಇಲ್ಲ ಅಂತ ಒಂದು ಮಾತಲ್ಲಿ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಈ ಉದ್ದನೆಯ ಪೋಸ್ಟ್. ಪುರುಸೊತ್ತಿದ್ದವರು ಓದಿ.

ಕಾಲೇಜು ನಡೆಸಲು ಪರವಾನಗಿ ಇರುವುದು ಬೇರೆ, ನ್ಯಾಕ್ ಗ್ರೇಡ್ ಸಿಕ್ಕಿರುವುದು ಬೇರೆ. ಎಷ್ಟೋ ಪೋಷಕರು ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ನಮ್ಮಲ್ಲಿ ನರ್ಸಿಂಗ್ ಕಾಲೇಜು ತೆರೆಯಲು ಸರ್ಕಾರದ ಅನುಮತಿ, ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯ ಸಂಯೋಜನೆ ಬೇಕು. ಇದರ ಮೇಲೆ 1947ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ನರ್ಸಿಂಗ್ ಪರಿಷತ್ತು, ಅಂದರೆ ಐಎನ್‌ಸಿ. ಯಾರ ಅಧಿಕಾರ ಎಲ್ಲಿಯವರೆಗೆ ಅನ್ನುವ ಜಗಳ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಐಎನ್‌ಸಿಗೆ ಇಲ್ಲವೆಂದು 2017ರಲ್ಲಿ ನಮ್ಮ ಹೈಕೋರ್ಟ್ ಹೇಳಿದಾಗ, ಐಎನ್‌ಸಿ ಮಾನ್ಯತೆ ಇಲ್ಲದ ಪದವಿ ತಮ್ಮೂರಲ್ಲಿ ನಡೆಯುತ್ತದೋ ಇಲ್ಲವೋ ಎಂದು, ಮಕ್ಕಳನ್ನು ಇಲ್ಲಿ ಓದಲು ಬಿಟ್ಟಿದ್ದ ಕೇರಳದ ಪೋಷಕರಿಗೆ ನಡುಕ ಹುಟ್ಟಿತ್ತು. ಅದಿರಲಿ. ಈ ಎಲ್ಲ ಸಂಸ್ಥೆಗಳೂ ಮುಖ್ಯವಾಗಿ ಎಣಿಸುತ್ತವೆ. ವಿವಿಯ ಎಲ್‌ಐಸಿ ತಂಡ (ಕಾಲೇಜಿಗೆ ಬಂದು ತಪಾಸಣೆ ಮಾಡುವ ಸಮಿತಿ) ಬಂದಾಗ ಎಷ್ಟು ಬೋಧಕರು, ಎಷ್ಟು ಕೊಠಡಿ, ಎಷ್ಟು ಹಾಸಿಗೆ, ಲೈಬ್ರರಿಯಲ್ಲಿ ಎಷ್ಟು ಪುಸ್ತಕ ಎಂದು ನೋಡಿ ಹೋಗುತ್ತದೆ. ಎಣಿಕೆ ಬೇಕು. ಹತ್ತು ವಿದ್ಯಾರ್ಥಿಗೆ ಒಬ್ಬ ಬೋಧಕರಾದರೂ ಇರಬೇಕೆಂಬ ಐಎನ್‌ಸಿ ನಿಯಮ ಇಲ್ಲದಿದ್ದರೆ ಕೆಲವು ಕಾಲೇಜುಗಳು ಐವತ್ತಕ್ಕೊಬ್ಬರನ್ನು ಇಟ್ಟು ಕೈತೊಳೆದುಕೊಳ್ಳುತ್ತಿದ್ದವು.

ನ್ಯಾಕ್ ಕೇಳುವ ಪ್ರಶ್ನೆ ಬೇರೆ. 1994ರಲ್ಲಿ ಶುರುವಾದ, ನಮ್ಮ ಬೆಂಗಳೂರಿನಲ್ಲೇ ಕಚೇರಿ ಇರುವ ಈ ಸಂಸ್ಥೆಗೆ ಕಾಲೇಜೇ ಅರ್ಜಿ ಹಾಕಿ ತನ್ನ ಬಗ್ಗೆ ತಾನೇ ವರದಿ ಬರೆದುಕೊಡಬೇಕು. ಅದೇ ಎಸ್‌ಎಸ್‌ಆರ್. ಐದು ವರ್ಷಗಳ ಲೆಕ್ಕ ಒಟ್ಟಿಗೆ ಕೊಡಬೇಕು. ತಪಾಸಣೆಯ ದಿನಕ್ಕೆ ಮಾತ್ರ ಪಕ್ಕದ ಊರಿಂದ ಬಂದು ಕುರ್ಚಿಯಲ್ಲಿ ಕೂರುವ "ಪ್ರೊಫೆಸರ್"ಗಳ ಬಗ್ಗೆ ನಮ್ಮ ವಲಯದಲ್ಲಿ ಗೊತ್ತಿಲ್ಲದವರಿಲ್ಲ. ಒಂದು ದಿನದ ಹಾಜರಿಯನ್ನು ಹೇಗಾದರೂ ತೋರಿಸಬಹುದು. ಐದು ವರ್ಷದ ಸಂಬಳ, ಹಾಜರಿ, ತೆಗೆದುಕೊಂಡ ತರಗತಿ ಎಲ್ಲವೂ ಒಂದಕ್ಕೊಂದು ತಾಳೆಯಾಗುವಂತೆ ಹೊಂದಿಸುವುದು ಅಷ್ಟು ಸುಲಭವಲ್ಲ.

ಆದರೆ ನನ್ನ ಪ್ರಕಾರ ನಿಜವಾದ ಲಾಭ ತಂಡ ಬರುವ ಮೊದಲೇ ಆಗುತ್ತದೆ. ಆ ವರದಿ ಬರೆಯಲು ಕೂತಾಗ.

ಒಂದು ಉದಾಹರಣೆ ಹೇಳುತ್ತೇನೆ. ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಕಲಿಯುವುದು, ನರ್ಸಿಂಗ್ ಓದಿನ ಜೀವ. ವಾರ್ಡಿನಲ್ಲಿ ಏನಾಗುತ್ತದೆ ನೋಡಿ. ಡ್ರೆಸ್ಸಿಂಗ್ ಮಾಡುವವಳು ಒಬ್ಬಳು, ಸುತ್ತ ನಿಂತು ನೋಡುವವರು ಏಳೆಂಟು ಜನ. ಸಂಜೆ ಹಾಸ್ಟೆಲಿನಲ್ಲಿ ಎಲ್ಲರ ಲಾಗ್‌ಬುಕ್ಕಿನಲ್ಲೂ "ಡ್ರೆಸ್ಸಿಂಗ್ ಮಾಡಲಾಯಿತು". ಮರುದಿನ ಟ್ಯೂಟರ್ ಸಹಿ. ವರ್ಷದ ಕೊನೆಗೆ ಎಲ್ಲರ ಪುಸ್ತಕವೂ ಭರ್ತಿ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಎಸ್‌ಎಸ್‌ಆರ್‌ಗೆ "ವಿದ್ಯಾರ್ಥಿಗಳ ಕೌಶಲವನ್ನು ಹೇಗೆ ಅಳೆಯುತ್ತೀರಿ, ಆಧಾರ ಕೊಡಿ" ಎಂಬ ಭಾಗ ಬರೆಯುವಾಗ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಲಾಗ್‌ಬುಕ್ ಬಿಟ್ಟರೆ ಕೊಡಲು ಏನೂ ಇರಲಿಲ್ಲ. ಸರಿ, ನೋಡಿಯೇ ಬಿಡೋಣ ಅಂತ ಮೂರನೇ ವರ್ಷದವರಿಗೆ ಸ್ಕಿಲ್ ಲ್ಯಾಬಿನಲ್ಲಿ ರೋಗಿಯ ಬದಲು ಬೊಂಬೆ ಮಲಗಿಸಿ ಓಸ್ಕಿ ಇಟ್ಟೆವು, ಅಂದರೆ ಕೆಲಸವನ್ನು ಮಾಡಿ ತೋರಿಸಬೇಕಾದ ಕೌಶಲ ಪರೀಕ್ಷೆ. ಮಾತ್ರೆ ಕೊಡುವ ಮುನ್ನ ಗಮನಿಸಬೇಕಾದ ನಿಯಮಗಳನ್ನು ಬಾಯಿಪಾಠ ಒಪ್ಪಿಸಿದ ಹುಡುಗಿಯರೇ, ಕೈಗೆ ಔಷಧಿ ಕೊಟ್ಟಾಗ ಬೊಂಬೆಯ ಮಣಿಕಟ್ಟಿನ ಐಡಿ ಬ್ಯಾಂಡ್ ಕಡೆ ತಿರುಗಿಯೂ ನೋಡಲಿಲ್ಲ. ಬೊಂಬೆಗೆ ತಪ್ಪು ಮಾತ್ರೆ ಹೋದರೆ ನಷ್ಟವಿಲ್ಲ, ಸದ್ಯ.

ಅಲ್ಲಿಂದ ಒಂದು ನಿಯಮ ಬಂತು. ಕಣ್ಣಾರೆ ನೋಡದೆ ಲಾಗ್‌ಬುಕ್ಕಿಗೆ ಸಹಿ ಇಲ್ಲ, ಪ್ರತಿ ಪೋಸ್ಟಿಂಗ್ ಮುಗಿದಾಗ ಒಂದು ಸಣ್ಣ ಓಸ್ಕಿ. ಮೊದಮೊದಲು ಟ್ಯೂಟರ್‌ಗಳೇ ಗೊಣಗಿದರು. ಇದೇನು ಹೊಸ ಸಂಶೋಧನೆಯಲ್ಲ, 2021ರ ಐಎನ್‌ಸಿ ಹೊಸ ಪಠ್ಯಕ್ರಮದಲ್ಲೇ ಸೆಮಿಸ್ಟರ್ ಪದ್ಧತಿಯ ಜೊತೆ ಓಸ್ಕಿ, ಸಿಮ್ಯುಲೇಶನ್ ಎಲ್ಲ ಬಂದಿವೆ. ಪುಸ್ತಕದಲ್ಲಿದ್ದದ್ದು ವಾರ್ಡಿಗೆ ಇಳಿಯಲು ಒಂದು ಒತ್ತಡ ಬೇಕಿತ್ತು, ಅಷ್ಟೇ.

ಇನ್ನೊಂದು, ಫೀಡ್‌ಬ್ಯಾಕ್. ವಿದ್ಯಾರ್ಥಿಗಳಿಂದ, ಹಳೆಯ ವಿದ್ಯಾರ್ಥಿಗಳಿಂದ, ಕೆಲಸ ಕೊಟ್ಟವರಿಂದ ಅಭಿಪ್ರಾಯ ಪಡೆದು, ಅದರ ಮೇಲೆ ಏನು ಕ್ರಮ ತೆಗೆದುಕೊಂಡಿರಿ ಅಂತಲೂ ತೋರಿಸಬೇಕು. ಈ ಎರಡನೇ ಅರ್ಧವೇ ಮುಖ್ಯ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳನ್ನು ಕೇಳಿದಾಗ ಅವರು ನಾಜೂಕಾಗಿ ಏನೂ ಹೇಳಲಿಲ್ಲ. "ನಿಮ್ಮ ಹುಡುಗೀರು ಪೇಷಂಟ್ ಹತ್ರ ಮಾತೇ ಆಡಲ್ಲ, ಹಿಸ್ಟರಿ ತಗೊಳ್ಳೋಕೆ ನಮ್ಮ ಆಯಮ್ಮನೇ ಬರಬೇಕು" ಅಂದರು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ತರಗತಿಗಳಲ್ಲಿ ಕೇರಳದವರು, ಬಂಗಾಳದವರು, ಈಶಾನ್ಯ ರಾಜ್ಯದವರು ಬಹಳ. ಹಳ್ಳಿಯಿಂದ ಬಂದ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು. ವರ್ಷಗಟ್ಟಲೆ ಇದನ್ನು ಯಾರೂ ಸಮಸ್ಯೆ ಅಂತ ಬರೆದಿಟ್ಟಿರಲಿಲ್ಲ. ಬರೆದ ಮೇಲೆ ಮೊದಲ ವರ್ಷದವರಿಗೆ ಆಸ್ಪತ್ರೆಗೆ ಬೇಕಾದಷ್ಟು ಕನ್ನಡ ಕಲಿಸುವ ತರಗತಿ ಶುರುವಾಯಿತು. ನನ್ನ ಕೇಳಿದರೆ, ನ್ಯಾಕ್‌ನಿಂದ ಆದ ಅತಿ ದೊಡ್ಡ ಉಪಕಾರ ಇದೇ. ಗ್ರೇಡ್ ಆಮೇಲಿನ ಮಾತು.

ಇಷ್ಟು ಹೇಳಿ ನಿಲ್ಲಿಸಿದರೆ ಜಾಹೀರಾತು ಆಗುತ್ತದೆ. ಇದೇ ಪದ್ಧತಿಯ ಕೆಟ್ಟ ಮುಖವನ್ನೂ ನೋಡಿದ್ದೇನೆ. ಎಸ್‌ಎಸ್‌ಆರ್ ಬರೆಯುವ ವರ್ಷ ಚೆನ್ನಾಗಿ ಪಾಠ ಮಾಡುವವರನ್ನೇ ಎಳೆದು ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಫೋಟೋಗೆ ಜಿಯೋಟ್ಯಾಗ್ ಹಾಕು, ಸರ್ಟಿಫಿಕೇಟ್ ಸ್ಕ್ಯಾನ್ ಮಾಡು. ಇತ್ತ ವಿದ್ಯಾರ್ಥಿಗಳು ಟ್ಯೂಟರ್ ಇಲ್ಲದೆ ವಾರ್ಡಿನಲ್ಲಿ ಅನಾಥರು. ಕಲಿಕೆ ಸುಧಾರಿಸಿದ್ದೇವೆ ಎಂದು ತೋರಿಸಲು ಕಲಿಕೆಯನ್ನೇ ಬಲಿಕೊಡುವುದು! ಇನ್ನು ಹಣದ ವಿಷಯ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ವಿದ್ಯಾಸಂಸ್ಥೆಗೆ ಒಳ್ಳೆಯ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿತು. ಅದು ಓದಿದ ದಿನ ಸ್ಟಾಫ್‌ರೂಮಿನಲ್ಲಿ ಯಾರಿಗೂ ಅಷ್ಟೇನೂ ಆಶ್ಚರ್ಯ ಆಗಲಿಲ್ಲ ಅನ್ನುವುದೇ ಬೇಜಾರಿನ ಸಂಗತಿ.

ಅಮೆರಿಕದಲ್ಲಿ ಇದು ಬೇರೆ ರೀತಿ. ಅಲ್ಲಿ ನರ್ಸಿಂಗ್ ಕೋರ್ಸ್‌ಗಳಿಗೆಂದೇ ಎಸಿಇಎನ್, ಸಿಸಿಎನ್ಇ ಎಂಬ ಮಾನ್ಯತಾ ಸಂಸ್ಥೆಗಳಿವೆ. ಓದು ಮುಗಿಸಿದವರು ಎನ್‌ಸಿಎಲ್ಇಎಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಬರೆಯಲೇಬೇಕು. ಅದರಲ್ಲಿ ತೇರ್ಗಡೆಯಾದವರ ಪ್ರಮಾಣ ಶೇ. 80ರ ಮಟ್ಟ ಮುಟ್ಟದಿದ್ದರೆ ಮಾನ್ಯತೆ ಕೊಟ್ಟವರು ಕಾಲೇಜನ್ನು ಕರೆದು ಕೇಳುತ್ತಾರೆ. ಕಾಲೇಜಿನ ಕೈಯಲ್ಲಿಲ್ಲದ, ಹೊರಗಿನ ಅಳತೆಗೋಲು ಅದು. ನಮ್ಮಲ್ಲಿ ವಿವಿ ಪರೀಕ್ಷೆ ಪಾಸಾದರೆ ನೇರ ಕೌನ್ಸಿಲ್ ನೋಂದಣಿ. ಆದ್ದರಿಂದ ನಮ್ಮ ಮೌಲ್ಯಮಾಪನ ಕಾಗದದ ಮೇಲೇ ಹೆಚ್ಚು ಒರಗಿಕೊಂಡಿದೆ. ಹಾಗಂತ ಅಲ್ಲಿ ಎಲ್ಲ ಚಿನ್ನ ಅಂತಲೂ ಅಲ್ಲ. ಫ್ಲೋರಿಡಾದ ಮೂರು ನರ್ಸಿಂಗ್ ಶಾಲೆಗಳು 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳನ್ನು ಮಾರಿದ್ದು 2023ರಲ್ಲಿ ಬಯಲಾಯಿತು. ಅವನ್ನು ಕೊಂಡವರಲ್ಲಿ ಸುಮಾರು 2,400 ಜನ ಆ ಲೈಸೆನ್ಸ್ ಪರೀಕ್ಷೆಯನ್ನೂ ಪಾಸಾಗಿದ್ದರಂತೆ! ಪರೀಕ್ಷೆಯೊಂದೇ ಸಾಲದು, ವಾರ್ಡಿನಲ್ಲಿ ನಿಂತು ಕಲಿತ ತಾಸುಗಳನ್ನೂ ಯಾರಾದರೂ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1947ರ ಕಾಯ್ದೆಯ ಜಾಗಕ್ಕೆ ತರಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಒಪ್ಪಿದೆ. ಅದರಲ್ಲಿ ಮೌಲ್ಯಮಾಪನ ಮತ್ತು ರೇಟಿಂಗ್‌ಗೇ ಒಂದು ಪ್ರತ್ಯೇಕ ಮಂಡಳಿ ಇದೆ. ನನ್ನ ಆಸೆ ಸಣ್ಣದು. ಆ ಮಂಡಳಿಯವರು ಕಾಲೇಜಿಗೆ ಬಂದಾಗ ಪ್ರಿನ್ಸಿಪಾಲರ ಕೋಣೆಯಲ್ಲಿ ಗೋಡಂಬಿ ತಿನ್ನುತ್ತ ಪವರ್‌ಪಾಯಿಂಟ್ ನೋಡುವ ಬದಲು, ಮುನ್ಸೂಚನೆ ಕೊಡದೆ ಪೋಸ್ಟಿಂಗ್ ಇರುವ ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗಲಿ. ಯಾವುದಾದರೂ ಎರಡನೇ ವರ್ಷದ ಹುಡುಗಿಗೆ ಬಿಪಿ ನೋಡಮ್ಮ ಅನ್ನಲಿ. ಪಕ್ಕದಲ್ಲಿ ಟ್ಯೂಟರ್ ಇದ್ದಾರೋ ಇಲ್ಲವೋ ನೋಡಲಿ. ಟ್ಯೂಟರ್ ಇದ್ದರೆ ಅವರ ಸಂಬಳ ಎಷ್ಟು, ಸರಿಯಾದ ದಿನಕ್ಕೆ ಬರುತ್ತದಾ ಅಂತಲೂ ಕೇಳಲಿ. ವರ್ಷಕ್ಕೊಮ್ಮೆ ಬೋಧಕರೆಲ್ಲ ಕೆಲಸ ಬಿಟ್ಟು ಓಡುವ ಕಾಲೇಜಿನಲ್ಲಿ ಯಾವ ಗ್ರೇಡ್ ಇದ್ದೇನು?

ಇನ್ನು ಪೋಷಕರಿಗೆ. ಬೋರ್ಡಿನ ಗ್ರೇಡ್ ನೋಡಿ, ಬೇಡ ಅನ್ನಲ್ಲ. ಅದು ಯಾವ ವರ್ಷದ್ದು ಅಂತಲೂ ನೋಡಿ, ಸಾಮಾನ್ಯವಾಗಿ ಅವಧಿ ಐದು ವರ್ಷ. ಅವಧಿ ಮುಗಿದ ಮೇಲೂ ಬೋರ್ಡ್ ಇಳಿಸದವರಿದ್ದಾರೆ. ಎಸ್‌ಎಸ್‌ಆರ್, ವರ್ಷವರ್ಷದ ಎಕ್ಯೂಎಆರ್ (ನ್ಯಾಕ್‌ಗೆ ಕೊಡುವ ವಾರ್ಷಿಕ ಗುಣಮಟ್ಟ ವರದಿ) ಕಾಲೇಜಿನ ವೆಬ್‌ಸೈಟಿನಲ್ಲೇ ಇರಬೇಕು, ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಸ್ವಂತ ಆಸ್ಪತ್ರೆ ಇದೆಯಾ, ಇದ್ದರೆ ಅದರಲ್ಲಿ ರೋಗಿಗಳು ಇದ್ದಾರಾ ಅಥವಾ ಬರೀ ಹಾಸಿಗೆ ಇದೆಯಾ ಅಂತ ಒಪಿಡಿ ಹೊತ್ತಿನಲ್ಲಿ ಹೋಗಿ ಕಣ್ಣಾರೆ ನೋಡಿ. ಕ್ಯಾಂಟೀನಿನಲ್ಲಿ ನಾಲ್ಕನೇ ವರ್ಷದವರು ಸಿಕ್ಕರೆ, ಕಳೆದ ವಾರ ವಾರ್ಡಿನಲ್ಲಿ ಟ್ಯೂಟರ್ ಎಷ್ಟು ಹೊತ್ತು ಇದ್ದರು ಅಂತ ಸುಮ್ಮನೆ ಕೇಳಿ. ಆ ಹುಡುಗಿಯರು ಸುಳ್ಳು ಹೇಳಲ್ಲ, ಹೇಳಿದರೂ ನಗು ತಡೆಯಲಾಗದೆ ಸಿಕ್ಕಿಬೀಳುತ್ತಾರೆ.