ಐದು ಕೆಜಿ ಅವರೆಕಾಯಿ, ಏಳು ಹುಳ

ಹೆಬ್ಬೆರಳ ಉಗುರು ಇನ್ನೂ ಉರಿಯುತ್ತಿದೆ. ಬೆರಳ ತುದಿಯೆಲ್ಲ ಕಪ್ಪಾಗಿದೆ, ಮೂರು ಸಲ ಸೋಪು ಹಾಕಿದರೂ ಸೊಗಡಿನ ವಾಸನೆ ಹೋಗಿಲ್ಲ. ಸೊಗಡಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ತಂದವರ ಮೇಲೆ ಇದೆ.

ಶನಿವಾರ ಬೆಳಿಗ್ಗೆ ಹಾಲು ತರೋಕೆ ಹೋದ ನಮ್ಮವರು ಐದು ಕೆಜಿ ಅವರೆಕಾಯಿ ಹೊತ್ತುಕೊಂಡು ಬಂದರು. ಹಾಲು ಮರೆತಿದ್ದರು. ಜನವರಿಯಲ್ಲಿ ಬೆಂಗಳೂರಿನ ಗಂಡಸರಿಗೆ ರಸ್ತೆ ಬದಿ ಅವರೆಕಾಯಿ ರಾಶಿ ಕಂಡರೆ ಏನೋ ಆಗುತ್ತೆ, ಅಲ್ವಾ? ‘ಮಾಗಡಿ ಕಾಯಿ ಕಣೇ, ಮಂಜು ಕುಡಿದಿದೆ, ಮೂಸಿ ನೋಡು’ ಅಂದರು. ಮೂಸಿದೆ. ‘ಸುಲಿಯೋದು ಯಾರು ರೀ?’ ಅಂದೆ.

‘ಎಲ್ಲರೂ! ಟೀಮ್ ವರ್ಕ್. ಸಹಕಾರ ಅಂದ್ರೇನು ಅಂತ ಮಕ್ಕಳಿಗೂ ಗೊತ್ತಾಗ್ಲಿ.’

ಹೋದ ವಾರ ಆಫೀಸಿನವರು ಇವರನ್ನು ಯಾವುದೋ ರೆಸಾರ್ಟಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಹಗ್ಗ ಹಿಡಿಸಿ ಓಡಾಡಿಸಿದ್ದರು. ಅದರ ಫಲ ಇದು.

ಹಳೇ ಪೇಪರ್ ಹಾಸಿ, ನಡುವೆ ಮೊರ ಇಟ್ಟುಕೊಂಡು ಕೂತೆವು. ಮಗಳು ನೇಲ್ ಪಾಲಿಶ್ ಒಣಗಲಿ ಅಂತ ಅರ್ಧ ಗಂಟೆ ಬೆರಳು ಅಗಲಿಸಿಕೊಂಡು ಕೂತಳು. ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಳನ್ನು ಸಿಪ್ಪೆಗೂ ಸಿಪ್ಪೆಯನ್ನು ಕಾಳಿಗೂ ಹಾಕಿದ. ಅತ್ತೆ ಧಾರಾವಾಹಿಯಿಂದ ಕಣ್ಣು ಕೀಳದೆ, ಒಂದು ಕಂತು ಮುಗಿಯೋದರೊಳಗೆ ಮುಕ್ಕಾಲು ಮೊರ ಖಾಲಿ ಮಾಡಿದರು.

ಇನ್ನು ನಮ್ಮ ಟೀಮ್ ಲೀಡರು. ಇವರು ಕಾಯಿ ಸುಲಿಯೋದಿಲ್ಲ, ಹುಳ ಹುಡುಕುತ್ತಾರೆ. ಒಂದು ಕಾಯಿ ಎತ್ತಿಕೊಂಡು, ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ ನೋಡಿ, ಬಾಂಬ್ ಬಿಚ್ಚುವವರ ಹಾಗೆ ಮೆಲ್ಲಗೆ ಬಿಡಿಸುತ್ತಾರೆ. ಹುಳ ಇಲ್ಲದಿದ್ದರೆ ಮುಖ ಸಣ್ಣಗಾಗುತ್ತದೆ. ಇದ್ದರೆ ಮುಗಿಯಿತು, ‘ಏಯ್, ಎಲ್ಲರೂ ಇಲ್ಲಿ ನೋಡಿ!’ ನಾವು ಕೈ ನಿಲ್ಲಿಸಿ ನೋಡಬೇಕು. ಹಸಿರು ಹುಳ, ನಾವು ಹುಟ್ಟಿದಾಗಿನಿಂದ ನೋಡುತ್ತಿರೋ ಅದೇ ಹುಳ. ‘ಹುಳ ಇದೆ ಅಂದ್ರೆ ಔಷಧಿ ಹೊಡೆದಿಲ್ಲ ಅಂತ ಅರ್ಥ’ ಅಂತ ಒಂದು ಭಾಷಣ. ಆಮೇಲೆ ಫೋಟೊ. ಆಮೇಲೆ ಅದನ್ನು ಪೇಪರಿನ ಮೇಲೆ ಹತ್ತಿಸಿಕೊಂಡು ಬಾಲ್ಕನಿಯ ತುಳಸಿ ಕುಂಡದವರೆಗೆ ಬೀಳ್ಕೊಡುಗೆ. ವಾಪಸ್ ಬಂದು ಕೂರುವಾಗ ‘ಉಫ್, ಸೊಂಟ’ ಅನ್ನುತ್ತಾರೆ. ಎರಡು ಗಂಟೆಗೆ ಇವರ ಲೆಕ್ಕ: ಒಂದು ಕಾಫಿ ಲೋಟ ಕಾಳು, ಏಳು ಹುಳ. ಐದನೇ ಹುಳಕ್ಕೆ ಅತ್ತೆ, ‘ನಿನಗೆ ಹುಳವೇ ಬೇಕಿದ್ರೆ ಬರೀ ಹುಳ ತರಬಾರದಿತ್ತೇನೋ’ ಅಂದರು.

ರಾತ್ರಿ ಕಾಳು ನೆನೆಹಾಕಿದೆ. ಭಾನುವಾರ ಹಿತಕುವ ಕೆಲಸ. ಒತ್ತಿದರೆ ಬೇಳೆ ಪುಳಕ್ಕನೆ ಎಲ್ಲಿಗೆ ಬೇಕಾದರೂ ಹಾರುತ್ತದೆ. ಮಗನದ್ದೊಂದು ಅಜ್ಜಿಯ ಕನ್ನಡಕಕ್ಕೆ ಠಣ್ ಅಂತ ಬಡಿಯಿತು. ಅವನು ಇಯರ್‌ಫೋನ್ ತೆಗೆದು ನಕ್ಕಿದ್ದು ಆಗಲೇ.

ನನ್ನ ಅಪ್ಪ ಮಾತು ಕಡಿಮೆ. ಅವರೆಕಾಳು ಹಿತಕುವ ದಿನ ಮಕ್ಕಳಿಗೆಲ್ಲ ಒಂದೊಂದು ಬಟ್ಟಲು, ಯಾರದ್ದು ಮೊದಲು ತುಂಬುತ್ತೆ ಅಂತ ಪಂದ್ಯ. ಅಣ್ಣಂದಿರ ಜೊತೆ ಕೈ ಓಡಿಸಲಾಗದೆ ನಾನು ಅಳುಮುಖ ಮಾಡಿದರೆ, ಅಪ್ಪ ತಾವು ಹಿತಕಿದ್ದನ್ನು ನನ್ನ ಬಟ್ಟಲಿಗೆ ಸದ್ದಿಲ್ಲದೆ ಸುರಿದು, ‘ಈ ಸಲ ಇವಳೇ ಗೆದ್ದಳು’ ಅನ್ನುತ್ತಿದ್ದರು. ಅವರು ಹೋದ ಮೇಲೆ ಒಂದು ದಿನ ಅಣ್ಣ ಹೇಳಿದ, ನಮಗೆಲ್ಲ ಗೊತ್ತಿತ್ತು ಬಿಡೇ ಅಂತ.

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು. ಐದು ಕೆಜಿಯ ಸಾರು ಒಂದೇ ಊಟಕ್ಕೆ ತಳ ಕಂಡಿತು. ನಮ್ಮವರು ತಟ್ಟೆಯ ಫೋಟೊ ತೆಗೆದು ‘ನಮ್ಮ ಟೀಮ್ ವರ್ಕ್’ ಅಂತ ಆಫೀಸ್ ಗ್ರೂಪಿಗೆ ಹಾಕಿದರು. ಹುಳದ ಫೋಟೊ ಕೂಡ ಹಾಕಿದರು.

ಇದನ್ನು ಬರೆಯುತ್ತಿರುವಾಗಲೇ ಕೆಳಗೆ ಗೇಟಿನ ಹತ್ತಿರ ತಳ್ಳುಗಾಡಿಯವನ ಜೊತೆ ಅವರ ದನಿ ಕೇಳಿಸುತ್ತಿದೆ. ‘ಹುಳ ಇದೆ ತಾನೇ? ಹಾಗಾದ್ರೆ ಐದು ಕೆಜಿ ಹಾಕಪ್ಪ.’

ಅತ್ತೆ ಮೊರ ತೆಗೆದುಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದರು.